ಶುಶ್ರೂಷಾಶಬ್ದಾರ್ಥವೂ ರಕ್ತದೊತ್ತಡದ ಮಾಪನವೂ

‘ಶುಶ್ರೂಷಾ’ ಎಂಬುದು ‘ಶ್ರು’ ಧಾತುವಿನ ಸನ್ನಂತರೂಪದಿಂದ ಹುಟ್ಟಿದ ಶಬ್ದ. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಲೆಳಸುವವನು ಆತನ ಸೇವೆಯನ್ನೂ ಮಾಡುವನಾದುದರಿಂದ ಸೇವೆಯೆಂಬ ಅರ್ಥವು ರೂಢಿಗೆ ಬಂದಿತು. ರೋಗಿಗಳ ಉಪಚಾರದಲ್ಲಿ ಆ ಮೂಲಾರ್ಥವು ಅಕ್ಷರಶಃ ಸಾರ್ಥಕವಾಗುವ ಕರ್ಮವೊಂದುಂಟು. ಅದು ರಕ್ತದೊತ್ತಡವನ್ನು ಕೈಯಿಂದ ಅಳೆಯುವುದು. ಆದರೆ ಅಲ್ಲಿ ಕಿವಿಯೊಂದನ್ನೇ ನಂಬಿದರೆ ಪ್ರಮಾದವುಂಟಾಗುವುದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಶಾರ್ಙ್ಗಧರಸಂಹಿತೆಯು ಅಂಗುಷ್ಠಮೂಲದ ನಾಡಿಯನ್ನು ಬೆರಳಿನಿಂದ ಪರೀಕ್ಷಿಸಲು ಹೇಳುತ್ತದೆ. ಮಾಪನಯಂತ್ರದ ಪಾಶ್ಚಾತ್ಯನಾಮವಾದ ‘ಸ್ಫಿಗ್ಮೋಮಾನೋಮೀಟರ್’ ಎಂಬುದರ ಮೊದಲ ಪದಕ್ಕೂ ಗ್ರೀಕ್ ಭಾಷೆಯಲ್ಲಿ ನಾಡಿಯೆಂದೇ ಅರ್ಥ. 1896ರಲ್ಲಿ ಇಟಲಿಯ ರಿವಾ-ರೊಚ್ಚಿಯು ತೋಳಿಗೆ ಗಾಳಿಪಟ್ಟಿಯನ್ನು ಸುತ್ತಿ, ನಾಡಿಯು ಅಡಗುವ ಅಂಕವನ್ನು ಬೆರಳಿನಿಂದಲೇ ಅರಿತನು. 1905ರಲ್ಲಿ ರಷ್ಯಾದ ಕೊರೊಟ್ಕಾಫನು ಧಮನಿಯ ಧ್ವನಿಯನ್ನು ಕೇಳುವ ಕ್ರಮವನ್ನು ತೋರಿಸಿದನು. ಪಟ್ಟಿಯನ್ನು ಸಡಿಲಿಸುವಾಗ ಮೊದಲು ಕೇಳುವ ಧ್ವನಿಯು ಹೃದಯಸಂಕೋಚದ ಒತ್ತಡವನ್ನೂ, ಧ್ವನಿಯು ಲೋಪವಾಗುವ ಸ್ಥಾನವು ವಿಕಾಸದ ಒತ್ತಡವನ್ನೂ ಸೂಚಿಸುತ್ತವೆ.

ಬಳ್ಳಾರಿ ನಗರದ ದೊಡ್ಡ ಆಸ್ಪತ್ರೆಯಾಗಲಿ, ಸಿರುಗುಪ್ಪ ಕುರುಗೋಡುಗಳ ಆಸ್ಪತ್ರೆಗಳಾಗಲಿ, ವಿಧಿಯು ಒಂದೇ. ಸಿರುಗುಪ್ಪದ ಭತ್ತದ ಗದ್ದೆಯಿಂದ ಬಿಸಿಲಿನಲ್ಲಿ ನಡೆದುಬಂದವನನ್ನು ಒಡನೆಯೇ ಅಳೆಯಲಾಗದು. ಆತನು ಬೆನ್ನಿಗೆ ಆಸರೆಯಿಟ್ಟು, ಪಾದಗಳನ್ನು ನೆಲಕ್ಕೂರಿ, ಮಾತನಾಡದೆ 5 ನಿಮಿಷ ಕುಳಿತಿರಬೇಕು. ತೋಳು ಹೃದಯದ ಮಟ್ಟದಲ್ಲಿರಬೇಕು.

ಇನ್ನು ಪ್ರಮಾದದ ವಿಚಾರ. ಕೆಲವರಲ್ಲಿ ಧ್ವನಿಯು ಆರಂಭವಾಗಿ, ನಡುವೆ ಅಡಗಿ, ಮತ್ತೆ ಕೇಳಿಬರುತ್ತದೆ. ಒಬ್ಬನ ಸಂಕೋಚದ ಒತ್ತಡವು 190 ಇದ್ದು, 170ರಿಂದ 150ರವರೆಗೆ ಮೌನವಿರುವುದೆಂದು ಭಾವಿಸೋಣ. ಶುಶ್ರೂಷಕಿಯು 160ರವರೆಗೆ ಮಾತ್ರ ಗಾಳಿ ತುಂಬಿದರೆ ಮೌನವನ್ನೇ ಕೇಳಿ, 150ರಲ್ಲಿ ಬಂದ ಧ್ವನಿಯನ್ನು ಮೊದಲನೆಯದೆಂದು ಬರೆದುಕೊಳ್ಳುವಳು. ತೀವ್ರವಾದ ವ್ಯಾಧಿಯು ಅಲ್ಪವೆಂದು ತೋರಿ, ರೋಗಿಯು ಚಿಕಿತ್ಸೆಯಿಲ್ಲದೆ ಮನೆಗೆ ಹಿಂದಿರುಗಬಹುದು. ಬೆರಳಿಗೆ ಈ ಭ್ರಾಂತಿಯಿಲ್ಲ. ಮೌನದ ನಡುವೆಯೂ ನಾಡಿಯು ಮಿಡಿಯುತ್ತಲೇ ಇರುತ್ತದೆ. ಆದುದರಿಂದ ಮೊದಲು ಮಣಿಕಟ್ಟಿನ ನಾಡಿಯು ಅಡಗುವ ಅಂಕವನ್ನು ಕಂಡುಕೊಂಡು, ಗಾಳಿಯನ್ನು ಬಿಟ್ಟು, ಮರಳಿ ಅದಕ್ಕಿಂತ 30 ಮಿಲಿಮೀಟರು ಮೇಲಕ್ಕೇರಿಸಿ, ಸೆಕೆಂಡಿಗೆ 2-3 ಮಿಲಿಮೀಟರಿನಂತೆ ಇಳಿಸುತ್ತ ಕೇಳಬೇಕು.

ಸ್ಪರ್ಶವು ಪೂರ್ವ, ಶ್ರವಣವು ಉತ್ತರ. ಇತಿಹಾಸದ ಕ್ರಮವೇ ಪ್ರಯೋಗದ ಕ್ರಮವೂ ಆಗಿದೆ. ಅವಸರದಿಂದ ಪೂರ್ವಾಂಗವನ್ನು ಬಿಟ್ಟವರು ಕೇಳಿದರೂ ಕೇಳಿದಂತಾಗದು.