ಚಳಿಯೋ, ನೆಗಡಿಯೋ? ಎಳೆಯರಿಗೆ ಇಂಗ್ಲಿಷಿನ ಗುಣವಾಚಕಗಳನ್ನು ಕಲಿಸುವ ಬಗೆ

ವಿಮಾನ ನಗರದಂತಹ ಬಡಾವಣೆಯಲ್ಲಿ ನೆಲೆಸಿರುವ ಕನ್ನಡ ಮನೆಯ ಮಗುವೊಂದು ಬೆಳಗಿನಿಂದ ಸಂಜೆಯವರೆಗೆ ಎಷ್ಟು ಭಾಷೆಗಳ ನಡುವೆ ಓಡಾಡುತ್ತದೆ ಎಂಬುದನ್ನು ಎಣಿಸಹೊರಟರೆ ಹಿರಿಯರಿಗೇ ತಲೆ ತಿರುಗೀತು. ತಾಯಿತಂದೆಯರೊಡನೆ ಕನ್ನಡ, ಲಿಫ್ಟಿನಲ್ಲಿ ಮತ್ತು ಆಟದ ಬಯಲಿನಲ್ಲಿ ಹಿಂದಿ, ಮನೆಗೆಲಸಕ್ಕೆ ಬರುವ ಮಾವಶಿಯೊಡನೆ ಮರಾಠಿ, ಶಾಲೆಯ ಬಸ್ಸು ಇಳಿದೊಡನೆ ಇಂಗ್ಲಿಷು. ಮಹಾರಾಷ್ಟ್ರದಲ್ಲಿ 2020ರಲ್ಲಿ ಬಂದ ಕಾಯಿದೆಯ ಪ್ರಕಾರ ಎಲ್ಲ ಶಾಲೆಗಳಲ್ಲಿಯೂ ಮರಾಠಿಯ ಕಲಿಕೆ ಕಡ್ಡಾಯವಾಗಿದೆ, ಅದು ಸರಿಯಾದುದೇ. ಇಷ್ಟು ಭಾಷೆಗಳ ಸಂತೆಯಲ್ಲಿ ಮಗು ವಸ್ತುಗಳ ಹೆಸರುಗಳನ್ನು ಬೇಗನೆ ಕೊಂಡು ತರುತ್ತದೆ. ಚೆಂಡು, ಬೆಕ್ಕು, ಬಸ್ಸು ಇವಕ್ಕೆ ತೊಡಕಿಲ್ಲ. ತೊಡಕಿರುವುದು ಆ ವಸ್ತುಗಳ ಗುಣವನ್ನು, ಅದಕ್ಕಿಂತ ಮಿಗಿಲಾಗಿ ತನ್ನ ಮೈಯ ಸ್ಥಿತಿಯನ್ನು ಹೇಳುವ ಮಾತುಗಳಲ್ಲಿ.

ಒಂದು ಸನ್ನಿವೇಶವನ್ನು ಪಾಲಕರು ಊಹಿಸಿಕೊಳ್ಳಬಹುದು. ಪುಣೆಯ ಜನವರಿಯ ಬೆಳಗು. ಶಿಶುವಿಹಾರದ ನಾಲ್ಕು ವರ್ಷದ ಮಗು ಶಿಕ್ಷಕಿಯ ಬಳಿ ಹೋಗಿ "ಕೋಲ್ಡ್, ಕೋಲ್ಡ್" ಎನ್ನುತ್ತದೆ. ಶಿಕ್ಷಕಿ ಮೂಗನ್ನು ನೋಡುತ್ತಾರೆ, ಮೂಗು ಸ್ವಚ್ಛವಾಗಿದೆ. ಸಂಜೆ ಮನೆಗೆ ಚೀಟಿ ಬರುತ್ತದೆ: ಮಗುವಿಗೆ ನೆಗಡಿಯಾಗಿರುವಂತಿದೆ, ಔಷಧಿ ಕೊಡಿಸಿರಿ. ಮಗುವಿಗೆ ಬೇಕಾಗಿದ್ದುದು ಒಂದು ಸ್ವೆಟರು ಮಾತ್ರ.

ಇಲ್ಲಿ ತಪ್ಪು ಮಗುವಿನದೂ ಅಲ್ಲ, ಶಿಕ್ಷಕಿಯದೂ ಅಲ್ಲ. ಕನ್ನಡದಲ್ಲಿ ನೀರು ತಣ್ಣಗಿರುತ್ತದೆ, ಮೈಗೆ ಚಳಿಯಾಗುತ್ತದೆ, ಮೂಗಿಗೆ ನೆಗಡಿ ಬರುತ್ತದೆ (ಮಂಗಳೂರಿನ ಕಡೆಯವರು ಅದನ್ನೇ ಶೀತವೆನ್ನುತ್ತಾರೆ). ಮರಾಠಿಯಲ್ಲಿಯೂ ನೀರು 'ಗಾರ', ಮೈಗೆ 'ಥಂಡಿ', ಮೂಗಿಗೆ 'ಸರ್ದೀ'. ಇಂಗ್ಲಿಷು ಈ ಮೂರನ್ನೂ ಒಂದೇ 'ಕೋಲ್ಡ್' ಎಂಬ ಚೀಲದಲ್ಲಿ ತುಂಬಿ, ಅವುಗಳ ವ್ಯತ್ಯಾಸವನ್ನು ವಾಕ್ಯದ ಕಟ್ಟಡಕ್ಕೆ ಬಿಟ್ಟಿದೆ. 'ಐ ಆ್ಯಮ್ ಕೋಲ್ಡ್' ಎಂದರೆ ಚಳಿ. 'ಐ ಹ್ಯಾವ್ ಎ ಕೋಲ್ಡ್' ಎಂದರೆ ನೆಗಡಿ. ಒಂದರಲ್ಲಿ ಆ ಶಬ್ದ ಗುಣವಾಚಕ, ಇನ್ನೊಂದರಲ್ಲಿ ನಾಮಪದ. 'ಹಾಟ್' ಎಂಬುದರ ಕಥೆಯೂ ಇಂತಹದೇ. ಕಾಫಿ ಬಿಸಿ, ಮಿಸಳ ಖಾರ, ಏಪ್ರಿಲಿನ ಮಧ್ಯಾಹ್ನ ಸೆಖೆ, ಜ್ವರದ ಹಣೆ ಸುಡುವಂತಹದು. ಇಂಗ್ಲಿಷಿನಲ್ಲಿ ಎಲ್ಲವೂ 'ಹಾಟ್'.

ಇದಕ್ಕಿಂತ ಆಳವಾದ ಭೇದವೊಂದಿದೆ. ಮನೆಯಲ್ಲಿ ಕಲಿಸುವವರು ಇದನ್ನು ತಿಳಿದಿರುವುದು ಅಗತ್ಯ. ಕನ್ನಡಿಗನು 'ನನಗೆ ಹಸಿವಾಗಿದೆ' ಎನ್ನುತ್ತಾನೆ. ಹಸಿವು ಎಂಬುದು ನಾಮಪದ, 'ನನಗೆ' ಎಂಬುದು ಚತುರ್ಥೀ ವಿಭಕ್ತಿ. ಹಸಿವು, ಬಾಯಾರಿಕೆ, ನಿದ್ದೆ, ಆಯಾಸ, ತಲೆಸುತ್ತು ಎಲ್ಲವೂ ನಮ್ಮ ಭಾಷೆಯಲ್ಲಿ ಮನುಷ್ಯನ ಬಳಿಗೆ ಬಂದು ಹೋಗುವ ಅತಿಥಿಗಳು. ಇಂಗ್ಲಿಷಿನಲ್ಲಿ ಹಾಗಲ್ಲ, ಅಲ್ಲಿ ಮನುಷ್ಯನೇ ಹಂಗ್ರಿ, ಥರ್ಸ್ಟಿ, ಸ್ಲೀಪಿ, ಟೈರ್ಡ್, ಡಿಜ್ಜಿ. ಅಂದರೆ ಮೈಯ ವಿಷಯದಲ್ಲಿ ಕನ್ನಡಕ್ಕೆ ಗುಣವಾಚಕದ ಹಂಗೇ ಬಹುಮಟ್ಟಿಗೆ ಇಲ್ಲದಿರುವಲ್ಲಿ ಇಂಗ್ಲಿಷು ಗುಣವಾಚಕವನ್ನೇ ಬೇಡುತ್ತದೆ. ಶಾಲೆಗಳ ಗೋಡೆಯ ಮೇಲಿನ ಪಟಗಳಲ್ಲಿ ಬಿಗ್‌-ಸ್ಮಾಲ್, ಟಾಲ್‌-ಶಾರ್ಟ್, ಬಣ್ಣಗಳು ಇವೆಲ್ಲ ಸಾಲಾಗಿ ನಿಂತಿರುತ್ತವೆ. ಆದರೆ ಮಗುವಿಗೆ ಮೊದಲ ದಿನವೇ ಬೇಕಾಗುವುದು ಡಿಜ್ಜಿ, ಥರ್ಸ್ಟಿ, ಸಿಕ್ ಎಂಬ ಮಾತುಗಳು. ಜಿರಾಫೆ ಎತ್ತರವೆಂದು ಹೇಳಲಾರದ ಮಗುವಿಗೆ ಯಾವ ಅಪಾಯವೂ ಇಲ್ಲ. ಬಿಸಿಲಿನಲ್ಲಿ ಆಡಿ ತಲೆ ಸುತ್ತುತ್ತಿರುವುದನ್ನು ಹೇಳಲಾರದ ಮಗುವಿಗೆ ಅಪಾಯವಿದೆ.

ವ್ಯಾಕರಣದ ರೂಪಗಳ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ನಮ್ಮ ಶಾಲಾ ವ್ಯಾಕರಣಗಳು ಗುಣವಾಚಕವನ್ನು ನಾಮಪದದ ಒಂದು ವಿಧವೆಂದೇ ಎಣಿಸುತ್ತ ಬಂದಿವೆ. ಅದು ಬೇರೆಯೇ ವರ್ಗವೆಂಬುದನ್ನು ಹೇಗೆ ಗುರುತಿಸಬೇಕೆಂಬ ಪ್ರಶ್ನೆಯನ್ನು ಕುರಿತು 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದವರು ಕನ್ನಡದ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು. ವಿಮಾನ ನಗರದಿಂದ ಕೆಲವೇ ಕಿಲೋಮೀಟರು ದೂರದಲ್ಲಿ, ಯರವಡಾದಲ್ಲಿರುವ ಡೆಕ್ಕನ್ ಕಾಲೇಜಿನಲ್ಲಿ ಅವರು ಭಾಷಾವಿಜ್ಞಾನದ ಸಂಶೋಧನೆ ನಡೆಸಿದ್ದರೆಂಬುದು ಪುಣೆಯ ಕನ್ನಡಿಗರಿಗೆ ಸಂತೋಷದ ಸಂಗತಿ. ಮರಾಠಿಯಲ್ಲಿ ಮೋಠಾ ಮುಲಗಾ, ಮೋಠೀ ಮುಲಗೀ ಎಂದು ಲಿಂಗಕ್ಕೆ ತಕ್ಕಂತೆ ಗುಣವಾಚಕವೂ ವೇಷ ಬದಲಿಸುತ್ತದೆ. ಕನ್ನಡದಲ್ಲಿ ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ, ಬದಲಾವಣೆಯಿಲ್ಲ. ಆದರೆ ವಾಕ್ಯದ ಕೊನೆಗೆ ಬಂದರೆ ದೊಡ್ಡವನು, ದೊಡ್ಡವಳು, ದೊಡ್ಡದು ಎಂದಾಗುತ್ತದೆ. ಇಂಗ್ಲಿಷಿನ 'ಬಿಗ್' ಎಲ್ಲಿಯೂ ಮಿಸುಕುವುದಿಲ್ಲ. ಈ ಒಂದು ವಿಷಯದಲ್ಲಿ ಇಂಗ್ಲಿಷು ಮೂರರಲ್ಲಿ ಸುಲಭವಾದುದು. ಹೋಲಿಕೆಯಲ್ಲಿ ಮಾತ್ರ ಸ್ವಲ್ಪ ಎಡವುವುದುಂಟು: 'ಅದಕ್ಕಿಂತ ದೊಡ್ಡದು' ಎನ್ನುವ ಅಭ್ಯಾಸದ ಮಗು 'ಬಿಗರ್' ಎನ್ನುವ ಬದಲು 'ಮೋರ್ ಬಿಗ್' ಎಂದೀತು. 'ಬಿಸಿಬಿಸಿ ದೋಸೆ'ಯ ಮಾದರಿಯಲ್ಲಿ 'ಹಾಟ್ ಹಾಟ್ ದೋಸೆ' ಎಂದೀತು. ಗದರುವುದು ಬೇಡ, ದೋಸೆ ಬಡಿಸುತ್ತ ಸರಿಯಾದ ರೂಪವನ್ನು ತಾವೇ ಆಡಿದರೆ ಸಾಕು.

ಕಲಿಸುವ ರೀತಿಯಲ್ಲಿ ಗಮನಿಸತಕ್ಕ ಮಾತು ಬೇರೆ ಇದೆ. ಹೊಸ ಶಬ್ದವೊಂದನ್ನು ಕೇಳಿದಾಗ ಎಳೆಯ ಮಗು ಅದನ್ನು ಇಡೀ ವಸ್ತುವಿನ ಹೆಸರೆಂದೇ ಎಣಿಸುವ ಒಲವುಳ್ಳದ್ದು ಎಂದು ಅಮೆರಿಕದ ಮನೋವಿಜ್ಞಾನಿ ಎಲೆನ್ ಮಾರ್ಕ್‌ಮನ್ ತೋರಿಸಿದ್ದಾರೆ. ಕೆಂಪು ಚೆಂಡೊಂದನ್ನು ಎತ್ತಿ ಹಿಡಿದು 'ರೆಡ್' ಎಂದರೆ, ಚೆಂಡಿಗೇ ಆ ಹೆಸರೆಂದು ಮಗು ತಿಳಿಯುವುದು ಸಹಜ. ಆದುದರಿಂದ ಒಂದು ವಸ್ತುವನ್ನು ತೋರಿಸಬಾರದು, ಎರಡನ್ನು ತೋರಿಸಬೇಕು: ಒಂದೇ ಅಳತೆಯ ಎರಡು ಚೆಂಡು, ಒಂದು ಕೆಂಪು, ಒಂದು ಹಸಿರು. ಆಗ ಭೇದವಿರುವುದು ಗುಣದಲ್ಲಿ ಮಾತ್ರ. ಇನ್ನೊಂದು ಸೂಕ್ಷ್ಮವನ್ನು ಮೈಕೇಲ್ ರಾಮ್‌ಸ್ಕರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಮಾತೃಭಾಷೆಯ ಪುಟ್ಟ ಮಕ್ಕಳಿಗೆ 'ರೆಡ್ ಬಾಲ್' ಎಂದು ಹೇಳಿಕೊಡುವುದಕ್ಕಿಂತ 'ದಿ ಬಾಲ್ ಈಸ್ ರೆಡ್' ಎಂದು ಹೇಳಿಕೊಟ್ಟಾಗ ಬಣ್ಣಗಳು ಹೆಚ್ಚು ಚೆನ್ನಾಗಿ ನೆಲೆಗೊಂಡವು. ಮೊದಲು ವಸ್ತುವಿನ ಮೇಲೆ ಕಣ್ಣು ನಿಲ್ಲುತ್ತದೆ, ಬಳಿಕ ಗುಣದ ಮೇಲೆ. ಅಳತೆಯ ಮಾತುಗಳಿಗೆ ಇನ್ನೂ ಒಂದು ಹೆಜ್ಜೆ ಬೇಕು, ಏಕೆಂದರೆ ದೊಡ್ಡ ನಿಂಬೆಹಣ್ಣು ಸಣ್ಣ ಕುಂಬಳಕಾಯಿಗಿಂತ ಸಣ್ಣದೇ. ಪಟದ ಮೇಲಿನ ಆನೆ ಮತ್ತು ಇಲಿಗಳಿಂದ ಇದು ತಿಳಿಯದು. ತರಕಾರಿಯ ಬುಟ್ಟಿಯಿಂದ ತಿಳಿಯುತ್ತದೆ.

ಅಡುಗೆಮನೆಗಿಂತ ಮಿಗಿಲಾದ ಪಾಠಶಾಲೆ ಈ ವಿಷಯಕ್ಕಿಲ್ಲ. ಆರು ರುಚಿಗಳನ್ನು ನಾಲಿಗೆಯ ಮೇಲಿಟ್ಟು ಕಲಿತ ಮಗು ಮರೆಯುವುದಿಲ್ಲ. ಸಿಹಿ 'ಸ್ವೀಟ್', ಹುಳಿ 'ಸೋರ್', ಉಪ್ಪು 'ಸಾಲ್ಟಿ', ಕಹಿ 'ಬಿಟರ್'. ಖಾರಕ್ಕೆ 'ಹಾಟ್' ಎನ್ನುವುದಕ್ಕಿಂತ 'ಸ್ಪೈಸಿ' ಎಂದು ಹೇಳಿಕೊಡುವುದು ಲೇಸು, ಬಿಸಿಯೊಡನೆ ಗೊಂದಲವಾಗದು. ಪುಣೆಯ ಕನ್ನಡ ಮಕ್ಕಳಿಗೆ ಇಲ್ಲಿ ಮತ್ತೊಂದು ಬಲೆಯಿದೆ. ಮಾವಶಿ 'ಭಾಜೀ ಖಾರಟ ಝಾಲೀ' ಎಂದರೆ ಮಗು ನೀರಿನ ಲೋಟ ಹುಡುಕೀತು. ಆದರೆ ಮರಾಠಿಯ 'ಖಾರಟ' ಉಪ್ಪಾದುದು. ನಮ್ಮ ಖಾರ ಅವರಿಗೆ 'ತಿಖಟ'. ಇನ್ನು ಒಗರು. ಹಸಿ ಬಾಳೆಕಾಯಿಯ, ಅಡಿಕೆಯ, ನೆಲ್ಲಿಕಾಯಿಯ ಆ ರುಚಿಗೆ ಮರಾಠಿಯಲ್ಲಿ 'ತುರಟ' ಎಂಬ ಒಳ್ಳೆಯ ಶಬ್ದವಿದೆ. ಇಂಗ್ಲಿಷಿನ 'ಆಸ್ಟ್ರಿಂಜೆಂಟ್' ಮಕ್ಕಳ ಬಾಯಿಯ ಮಾತಲ್ಲ. ಒಗರನ್ನು ಒಗರೆಂದೇ ಬಿಟ್ಟರಾಯಿತು. ಎಲ್ಲಕ್ಕೂ ಇಂಗ್ಲಿಷಿನಲ್ಲಿ ಹೆಸರಿರಲೇಬೇಕೆಂಬ ನಿಯಮವಿಲ್ಲ.

ರುಚಿಯಿಂದ ನೋವಿಗೆ ಬಂದರೆ ವಿಷಯದ ತೂಕ ಬೇರೆಯಾಗುತ್ತದೆ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜ್ಯಾಕ್ 1975ರಲ್ಲಿ ಪ್ರಕಟಿಸಿದ ನೋವಿನ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಶಬ್ದಗಳನ್ನು 20 ಗುಂಪುಗಳಾಗಿ ವಿಂಗಡಿಸಿದರು. ನೋವು ಎಷ್ಟಿದೆ ಎಂಬುದಷ್ಟೇ ಅಲ್ಲ, ಎಂತಹದು ಎಂಬುದೂ ವೈದ್ಯರಿಗೆ ಬೇಕಾದ ಸುದ್ದಿ ಎಂಬುದು ಅದರ ತಾತ್ಪರ್ಯ. ಚುಚ್ಚುವ ನೋವು, ಉರಿಯುವ ನೋವು, ಹಿಂಡುವ ನೋವು, ಸಿಡಿಯುವ ನೋವು ಎಂದು ಕನ್ನಡದಲ್ಲಿಯೂ ಈ ಭೇದಗಳು ಬೇಕಾದಷ್ಟಿವೆ. ಆದರೆ ಮಕ್ಕಳು ಎಲ್ಲವನ್ನೂ 'ಹೊಟ್ಟೆನೋವು' ಎಂಬ ಒಂದೇ ಮಾತಿನಲ್ಲಿ ಮುಗಿಸಿ ಹೊಕ್ಕುಳಿನ ಮೇಲೆ ಕೈಯಿಡುವರು. ಮಾತು ಸಾಲದ ವಯಸ್ಸಿಗಾಗಿಯೇ ಅಮೆರಿಕದಲ್ಲಿ 1980ರ ದಶಕದಲ್ಲಿ ಡೊನಾ ವಾಂಗ್ ಮತ್ತು ಕಾನಿ ಬೇಕರ್ ಎಂಬವರು ನಗುವಿನಿಂದ ಅಳುವಿನವರೆಗಿನ ಆರು ಮುಖಗಳ ಪಟವನ್ನು ರಚಿಸಿದರು. ಮೂರು ವರ್ಷ ಮೇಲ್ಪಟ್ಟ ಮಕ್ಕಳು ತಮ್ಮ ನೋವಿಗೆ ತಕ್ಕ ಮುಖವನ್ನು ಬೆರಳಿಟ್ಟು ತೋರಿಸಬಲ್ಲರು. ಅದು ಪ್ರಮಾಣವನ್ನು ಹೇಳುತ್ತದೆ, ಬಗೆಯನ್ನು ಹೇಳದು.

ಬಗೆಯನ್ನು ಹೇಳುವ ಶಕ್ತಿ ಮೊದಲು ಮನೆಮಾತಿನಲ್ಲಿ ಬೆಳೆಯಬೇಕು. ಮೊಣಕಾಲು ತರಚಿದಾಗ 'ಉರಿಯುತ್ತದೆಯೋ, ಬರೀ ನೋಯುತ್ತದೆಯೋ?' ಎಂದು ಕೇಳುವ ತಾಯಿ ಮಗುವಿಗೆ ಎರಡು ಅನುಭವಗಳನ್ನು ಬೇರ್ಪಡಿಸಲು ಕಲಿಸುತ್ತಾಳೆ. ಬೇರ್ಪಟ್ಟ ಅನುಭವಕ್ಕೆ ನಾಳೆ ಶಾಲೆಯಲ್ಲಿ 'ಬರ್ನಿಂಗ್' ಎಂಬ ಹೆಸರು ಹತ್ತುವುದು ಕಷ್ಟವಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾದ ತಿಳಿವು ಇನ್ನೊಂದು ಭಾಷೆಗೆ ನೆರವಾಗುತ್ತದೆಂಬ ವಾದವನ್ನು ಕೆನಡಾದ ಜಿಮ್ ಕಮಿನ್ಸ್ 1979ರಲ್ಲಿ ಮಂಡಿಸಿದರು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವಲ್ಲಿ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನ ಮಾಧ್ಯಮವನ್ನು ಶಿಫಾರಸು ಮಾಡಿದೆ. ಇಂಗ್ಲಿಷು ಚೆನ್ನಾಗಿ ಬರಲೆಂದು ಮಗುವಿನೊಡನೆ ಮನೆಯಲ್ಲಿ ಕನ್ನಡವನ್ನೇ ಬಿಟ್ಟು, ತಮಗೂ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ 'ಪೇನ್, ಪೇನ್' ಎಂದಷ್ಟೇ ಆಡುವ ಪಾಲಕರು ಎರಡೂ ಕಡೆ ನಷ್ಟ ಮಾಡಿಕೊಳ್ಳುತ್ತಾರೆ.

ಇದರ ಇನ್ನೊಂದು ಮುಖ ಕಾಣುವುದು ಊರಿನಿಂದ ಅಜ್ಜಿ ಬಂದಾಗ. ಗದಗಿನಿಂದಲೋ ಬಾಗಲಕೋಟೆಯಿಂದಲೋ ಬಂದ ಅಜ್ಜಿಗೆ ಸಕ್ಕರೆ ಕಾಯಿಲೆ. ಮಗ ಸೊಸೆ ಇಬ್ಬರೂ ಕಚೇರಿಗೆ ಹೋಗಿದ್ದಾರೆ. ವೈದ್ಯರು ಬಲ್ಲದ್ದು ಮರಾಠಿ, ಹಿಂದಿ, ಇಂಗ್ಲಿಷು. ಜೊತೆಗಿರುವವಳು ಹತ್ತು ವರ್ಷದ ಮೊಮ್ಮಗಳು. ಇಂತಹ ಭಾರವನ್ನು ಮಗುವಿನ ಮೇಲೆ ಹೊರಿಸಬಾರದು, ದೊಡ್ಡವರೊಬ್ಬರು ಇರಬೇಕು ಎಂಬುದು ನಿಜ. ಆದರೂ ಮನೆಗಳಲ್ಲಿ ಹೀಗಾಗುವುದುಂಟು. ಅಜ್ಜಿ "ಕಾಲು ಜೋಮು ಹಿಡದದ, ರಾತ್ರಿ ಅಂಗಾಲು ಉರೀತಾವ" ಎನ್ನುತ್ತಾಳೆ. ಮೊಮ್ಮಗಳು 'ಲೆಗ್ ಪೇನ್' ಎಂದುಬಿಟ್ಟರೆ ನೋವಿನ ಮಾತ್ರೆ ಬಂದೀತು. 'ನಂಬ್' ಎಂದೂ 'ಬರ್ನಿಂಗ್' ಎಂದೂ ಅವಳು ಹೇಳಬಲ್ಲಳಾದರೆ, ಸಕ್ಕರೆ ಕಾಯಿಲೆಯವರ ನರಗಳಿಗೆ ಆಗುವ ತೊಂದರೆಯ ಕಡೆಗೆ ವೈದ್ಯರ ಗಮನ ಕೂಡಲೇ ಹರಿದು, ಅಜ್ಜಿಯ ಚಪ್ಪಲಿ ಬಿಡಿಸಿ ಪಾದಗಳನ್ನು ನೋಡುತ್ತಾರೆ.