ತಪ್ಪಿಸಿಕೊಳ್ಳುವ ಮನಸ್ಸು

ಭಯ ಸಹಜವಾದದ್ದು, ಭಯಕ್ಕೆ ಹಿಂಜರಿಯುವುದೂ ಸಹಜವೆ. ಆದರೆ ತಪ್ಪಿಸಿಕೊಳ್ಳುವುದೇ ಅಭ್ಯಾಸವಾದರೆ ಅದು ಮನುಷ್ಯನನ್ನು ಹೇಗೆ ಕಟ್ಟಿಹಾಕುತ್ತದೆಂಬುದನ್ನು ಅನುಭವದಿಂದ ಬಲ್ಲೆನಾದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ತುರುವೇಕೆರೆ ತಾಲ್ಲೂಕಿನ ಹಳ್ಳಿಯವನು. ಮೊದಲನೆಯ ವರ್ಷ ತರಗತಿಯ ಮುಂದೆ ನಿಂತು ಪ್ರಬಂಧ ಓದುವ ಸರದಿ ಬಂದ ದಿನ ತಿಪಟೂರಿನ ಬಸ್ಸು ಹತ್ತದೆ ತೋಟಕ್ಕೆ ಹೋಗಿ ತೆಂಗಿನ ಬುಡದಲ್ಲಿ ಕುಳಿತೆ. ಎಂಥ ನೆಮ್ಮದಿ! ಆ ನೆಮ್ಮದಿಯೇ ವೈರಿಯಾಯಿತು. ಬರಬರುತ್ತಾ ಅಧ್ಯಾಪಕರು ಪ್ರಶ್ನೆ ಕೇಳಬಹುದಾದ ದಿನಗಳಲ್ಲೂ ತಪ್ಪಿಸಿಕೊಂಡೆ. ಹಾಜರಿ ಇಳಿಯಿತು. ಕಡೆಗೆ, "ಓದು ಸಾಕು, ತೋಟ ನೋಡಿಕೊಳ್ಳುತ್ತೇನೆ" ಎಂದೆ. ಕೊಬ್ಬರಿ ಮಾರಿ ಶುಲ್ಕ ಕಟ್ಟಿದ್ದ ತಂದೆಯವರು ಮಾತಾಡದೆ ಅಟ್ಟದ ಕಡೆ ನೋಡಿದರು.

ಅಟ್ಟದಲ್ಲಿ ಹಾಕಿದ ಕಾಯಿ ವರ್ಷದ ಹೊತ್ತಿಗೆ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟಕ್ಕೆ ಹಾಕಿದ ಭಯ ಮಾತ್ರ ಇಂಗುವುದಿಲ್ಲ. ಓಡಿಹೋದೊಡನೆ ಸಿಗುವ ನೆಮ್ಮದಿ ಮನಸ್ಸಿಗೆ ಬಹುಮಾನವಿದ್ದಂತೆ; ಮರುದಿನವೂ ಅದನ್ನೇ ಬಯಸುತ್ತದೆ. ಹೆದರಿದ ಅನಾಹುತ ನಿಜವಾಗಿ ಆಗುವುದೇ ಎಂದು ನೋಡುವ ಅವಕಾಶವೇ ಒದಗುವುದಿಲ್ಲ.

ಇದಕ್ಕೆ ಮನಶ್ಶಾಸ್ತ್ರದಲ್ಲಿ ಪರಿಹಾರವುಂಟು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿಗೆ ತಿಂಡಿ ಕೊಡುತ್ತಾ, ಪಂಜರದ ಮೊಲವನ್ನು ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಮಗು ಅದನ್ನು ಮುಟ್ಟಿ ಆಡಿತು. ಭಯಗಳನ್ನು ಮೆಟ್ಟಿಲುಗಳಂತೆ ಜೋಡಿಸಿ ಗೆಲ್ಲುವ ಕ್ರಮವನ್ನು ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪೆ 1958ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಗೆಳೆಯನ ಒತ್ತಾಯಕ್ಕೆ ನಾನು 14416ಕ್ಕೆ ಫೋನು ಮಾಡಿದೆ. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಎಂಬ ಸರ್ಕಾರದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡಬಹುದು. ಅವರ ಸಲಹೆಯಂತೆ ತುಮಕೂರಿನಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರನ್ನು ಕಂಡೆ. ಅಂಜಿದವನ ಮೇಲೆ ಕಪ್ಪೆ ಹಾಕುವರೇನೋ ಎಂದು ಅಳುಕಿದ್ದೆ. ಅವರಾದರೋ, "ಎಲ್ಲಕ್ಕಿಂತ ಸುಲಭವಾದದ್ದು ಯಾವುದಪ್ಪ?" ಎಂದು ಕೇಳಿದರು. ಹಾಜರಿಗೆ ಗಟ್ಟಿಯಾಗಿ ಉತ್ತರಿಸುವುದು, ತಂಗಿಯೆದುರು ಒಂದು ಪುಟ ಓದುವುದು, ಇಬ್ಬರು ಗೆಳೆಯರೆದುರು ಓದುವುದು, ಅಧ್ಯಾಪಕರನ್ನು ಪ್ರಶ್ನೆ ಕೇಳುವುದು, ಕಡೆಗೆ ಪ್ರಬಂಧ: ಹೀಗೆ ಐದು ಮೆಟ್ಟಿಲು ಬರೆಸಿದರು. ನಿಯಮ ಒಂದೇ: ಎದೆಬಡಿತ ತಾನಾಗಿ ಇಳಿಯುವವರೆಗೆ ಅಲ್ಲಿಯೇ ನಿಲ್ಲಬೇಕು. ನಾಲ್ಕನೆಯದರಲ್ಲಿ ಸೋತು ಓಡಿಬಂದೆ. ಅವರು ಗದರಲಿಲ್ಲ, ಆ ಮೆಟ್ಟಿಲನ್ನೇ ಎರಡಾಗಿ ಒಡೆದು, ಮೊದಲು ಅಧ್ಯಾಪಕರ ಕೊಠಡಿಯಲ್ಲಿ ಒಬ್ಬನೇ ಕೇಳು ಎಂದರು.

ಈ ವರ್ಷ ಪ್ರಬಂಧ ಓದಿದೆ. ಕೈಯಲ್ಲಿ ಹಾಳೆ ನಡುಗಿತು, ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆದರೂ ಕೊನೆಯ ಸಾಲಿನವರೆಗೆ ನಿಂತೆ. ಭಯ ಪೂರ್ತಿ ಹೋಗಿಲ್ಲ. ಅದಿದ್ದರೂ ಬಸ್ಸು ಹತ್ತಬಲ್ಲೆ.

ಸಹಪಾಠಿಗಳೆ, ನಿಮ್ಮಲ್ಲೂ ಇಂಥ ಭಯವಿದ್ದರೆ ಮೊದಲನೆಯ ಮೆಟ್ಟಿಲನ್ನು ಇಂದೇ ಬರೆದಿಡಿ. ಗುರುಗಳಲ್ಲಿ ಒಂದು ಬಿನ್ನಹ: ಗೈರುಹಾಜರಾದವನು ಸೋಮಾರಿಯೇ ಆಗಿರಬೇಕಿಲ್ಲ, ದಯವಿಟ್ಟು ಒಮ್ಮೆ ಕರೆದು ವಿಚಾರಿಸಿ.