ಜವೆ ಗೋಧಿಯೂ ಸಸ್ಯಗಳ ರೋಗನಿರೋಧ ಗ್ರಾಹಕಗಳೂ

ಗಲಗಲಿಯಿಂದ ಜಮಖಂಡಿ, ಮುಧೋಳಗಳವರೆಗೆ ಕೃಷ್ಣೆ ಘಟಪ್ರಭೆಗಳ ನೀರುಂಡ ಭೂಮಿ ಇಂದು ಬಹುಮಟ್ಟಿಗೆ ಕಬ್ಬಿನ ಪಾಲಾಗಿದೆ. ಈ ಸೀಮೆಯ ಹಳೆಯ ಬೆಳೆಯಾದ ಜವೆ ಗೋಧಿಯನ್ನು ಹುಗ್ಗಿ, ಮಾದಲಿಗಳಿಗಾಗಿ ಮೆಚ್ಚುವವರು ಇನ್ನೂ ಇದ್ದಾರೆ. ಆದರೆ ಕಾಳಿಗಂಟಿದ ಹೊಟ್ಟನ್ನು ಕುಟ್ಟಿಯೇ ಬಿಡಿಸಬೇಕಾದ ಈ ಗೋಧಿ ಹೊಲಗಳಿಂದ ಹಿಂದೆ ಸರಿದಿದೆ. ಮಹಾರಾಷ್ಟ್ರದಲ್ಲಿ ಖಪಲಿ ಎನಿಸಿಕೊಳ್ಳುವ ಇದಕ್ಕೂ, ಸಸ್ಯಗಳ ರೋಗನಿರೋಧ ಗ್ರಾಹಕಗಳನ್ನು ತಿದ್ದುವ ಇಂದಿನ ಸಂಶೋಧನೆಗೂ ಇರುವ ಸಂಬಂಧವನ್ನು ಇಲ್ಲಿ ವಿವರಿಸಬಯಸುತ್ತೇವೆ.

ಗೋಧಿಯ ತುಕ್ಕು ರೋಗಕ್ಕೆ ನಮ್ಮ ರೈತರಿಟ್ಟ ಹೆಸರು ಭಂಡಾರ ರೋಗ. ಅದರ ಬಗೆಗಳಲ್ಲಿ ಕಾಂಡವನ್ನು ಹಿಡಿಯುವ ಕಪ್ಪು ತುಕ್ಕು ಅತಿ ಘೋರವಾದುದು. ಈ ಶಿಲೀಂಧ್ರವು ಬಯಲಿನ ಬೇಸಗೆಯಲ್ಲಿ ಉಳಿಯಲಾರದೆಂದೂ, ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಉಳಿದು ಗಾಳಿಯೊಡನೆ ಮರಳಿ ಬರುವುದೆಂದೂ ಆಗ್ರಾದ ಕೆ. ಸಿ. ಮೆಹತಾ ಅವರು ತೋರಿಸಿಕೊಟ್ಟರು. ಗಾಳಿಯಲ್ಲಿ ಬರುವ ಹಗೆಗೆ ಹೊಲದಂಚಿನಲ್ಲಿ ಬೇಲಿ ಹಾಕಲಾಗದು. ಕಾವಲು ಗಿಡದೊಳಗೇ ಇರಬೇಕು.

ಪ್ರಾಣಿಗಳಲ್ಲಿರುವಂತೆ ಅಲೆದಾಡುವ ರಕ್ಷಕಕೋಶಗಳು ಸಸ್ಯಗಳಿಗಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಕಾವಲನ್ನು ತಾನೇ ಮಾಡಿಕೊಳ್ಳುತ್ತದೆ. ಶಿಲೀಂಧ್ರವು ಕೋಶದೊಳಕ್ಕೆ ತನ್ನ ಪ್ರೋಟೀನುಗಳನ್ನು ತೂರಿಸಿ ಗಿಡದ ರಕ್ಷಣೆಯನ್ನು ಅಡಗಿಸಲೆತ್ನಿಸುವಾಗ, ಒಳಗಿರುವ ಗ್ರಾಹಕ ಪ್ರೋಟೀನು ಅವುಗಳಲ್ಲೊಂದನ್ನು ಗುರುತಿಸಿದರೆ ಆ ಕೋಶವು ಸತ್ತು ರೋಗವನ್ನು ಅಲ್ಲಿಯೇ ತಡೆಯುತ್ತದೆ. ಈ ಗುರುತಿಸುವಿಕೆ ಹೇಗೆ ನಡೆಯುವುದೆಂಬುದು ಬಹುಕಾಲ ಊಹೆಯಾಗಿಯೇ ಇತ್ತು. ಏಕಕಾಳು ಗೋಧಿಯ ಎಸ್‌ಆರ್ 35 ಎಂಬ ಗ್ರಾಹಕದ ರಚನೆ 2022ರಲ್ಲಿ ಪ್ರಕಟವಾಯಿತು: ತುಕ್ಕಿನ ಪ್ರೋಟೀನನ್ನು ಹಿಡಿದ ಐದು ಗ್ರಾಹಕಗಳು ಚಕ್ರಾಕಾರವಾಗಿ ಕೂಡಿ, ಕೋಶದ ಪೊರೆಯಲ್ಲಿ ಕ್ಯಾಲ್ಸಿಯಂ ಹರಿಯುವ ದ್ವಾರವನ್ನು ತೆರೆಯುತ್ತವೆ.

ಖಪಲಿಯ ಕೀರ್ತಿ ಇದಕ್ಕಿಂತ ಹಳೆಯದು. ಅಮೆರಿಕದ ಸ್ಟಾಕ್‌ಮನ್ನರು ಕಪ್ಪು ತುಕ್ಕಿನ ಕುಲಗಳನ್ನು ವಿಂಗಡಿಸಲು ಆರಿಸಿದ ಹನ್ನೆರಡು ಗೋಧಿಗಳಲ್ಲಿ ಇದೂ ಒಂದು. ಇದರಿಂದ ಇತರ ಗೋಧಿಗಳಿಗೆ ಸಂಕರಣದ ಮೂಲಕ ಸಾಗಿದ ನಿರೋಧ ಜೀನುಗಳಲ್ಲಿ ಎಸ್‌ಆರ್ 13 ಮುಖ್ಯವಾದುದು. ಆ ಜೀನನ್ನು 2017ರಲ್ಲಿ ಬೇರ್ಪಡಿಸಿ ನೋಡಿದಾಗ ಅದೂ ಇಂತಹ ಗ್ರಾಹಕವನ್ನೇ ರಚಿಸುವುದೆಂದು ತಿಳಿಯಿತು. ಉಗಾಂಡದಲ್ಲಿ 1998ರಲ್ಲಿ ಕಾಣಿಸಿಕೊಂಡ ಯುಜಿ 99 ಎಂಬ ಭೀಕರ ಕುಲದ ವಿರುದ್ಧವೂ ಅದು ಕೆಲಸ ಮಾಡುತ್ತದೆ. ತಂಪಿಗಿಂತ ಬೆಚ್ಚನೆಯ ಹವೆಯಲ್ಲಿ ಹೆಚ್ಚು ಬಲವಾಗಿ. ನಮ್ಮ ಬಯಲುಸೀಮೆಯವರು ಗಮನಿಸಬೇಕಾದ ಗುಣವಿದು.

ಇನ್ನು ಗ್ರಾಹಕಗಳನ್ನು ತಿದ್ದುವ ಮಾತು. ಎಸ್‌ಆರ್ 35ರ ರಚನೆಯನ್ನು ನೋಡಿಕೊಂಡು, ರೋಗಕ್ಕೆ ಕುರುಡಾಗಿದ್ದ ಅದರ ದಾಯಾದಿ ಗ್ರಾಹಕಗಳಲ್ಲಿ ಕೆಲವೇ ಅಮೈನೋ ಆಮ್ಲಗಳನ್ನು ಬದಲಿಸಿ ಗುರುತಿಸುವ ಶಕ್ತಿಯನ್ನು ತಂದುಕೊಡಲಾಯಿತು. ಒಂಟೆಯ ವರ್ಗದ ಪ್ರಾಣಿಗಳ ಕಿರು ಪ್ರತಿಕಾಯಗಳನ್ನು ಬತ್ತದ ಗ್ರಾಹಕವೊಂದಕ್ಕೆ ಕಸಿಮಾಡಿದ ಪ್ರಯೋಗ 2023ರಲ್ಲಿ ಹೊರಬಂದಿತು. ಎರಡೂ ಸೋಜಿಗದ ಕಾರ್ಯಗಳೇ. ಆದರೆ ಪ್ರಯೋಗಶಾಲೆಯ ಫಲಗಳು, ಹೊಲದ ಬೆಳೆಗಳಲ್ಲ.

ಒಂದೇ ಗ್ರಾಹಕವನ್ನು ನೆಚ್ಚುವುದು ಅಪಾಯವೆಂಬುದಕ್ಕೆ ಯುಜಿ 99 ಸಾಕ್ಷಿಯಾಗಿದೆ. ರೈ ಧಾನ್ಯದಿಂದ ಬಂದು ಲೋಕದ ಎಷ್ಟೋ ಗೋಧಿಗಳನ್ನು ಕಾಯುತ್ತಿದ್ದ ಎಸ್‌ಆರ್ 31 ಅದರ ಮುಂದೆ ನಿಲ್ಲಲಿಲ್ಲ. ತಿದ್ದಿದ ಗ್ರಾಹಕಕ್ಕೆ ಇದೇ ಗತಿ ಬರಲಾರದೆಂದು ನಂಬಲು ನಮಗೆ ಕಾರಣ ಕಾಣುವುದಿಲ್ಲ. ಅದಕ್ಕಾಗಿಯೇ 2021ರಲ್ಲಿ ಐದು ಜೀನುಗಳನ್ನು ಒಟ್ಟಾಗಿ ಗೋಧಿಯಲ್ಲಿ ಸೇರಿಸಿ ನೋಡಲಾಯಿತು. ಶಿಲೀಂಧ್ರವು ಐದು ಕಾವಲುಗಳನ್ನೂ ಒಮ್ಮೆಗೇ ವಂಚಿಸುವುದು ಕಷ್ಟ. ಎಷ್ಟು ತಿದ್ದಿದರೂ ಮೂಲ ಪ್ರತಿ ಬೇಕು, ಅದು ದೊರೆಯುವುದು ಖಪಲಿಯಂತಹ ಹಳೆಯ ಬೆಳೆಗಳಲ್ಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ಜವೆ ತಳಿಗಳನ್ನು ರೈತರಿಗೆ ಕೊಟ್ಟಿದೆ. ಅವುಗಳ ಜೊತೆಗೆ ಕೃಷ್ಣಾತೀರದ ಮನೆಗಳಲ್ಲಿ ಅಳಿದುಳಿದ ನಾಟಿ ಜವೆಯ ಬೀಜವನ್ನೂ ಊರಿನ ಹೆಸರು ಬರೆದು ಸಂಗ್ರಹಿಸಿ, ತುಕ್ಕಿನ ಕುಲಗಳೆದುರು ಒಂದೊಂದಾಗಿ ಪರೀಕ್ಷಿಸುವುದು ನಮ್ಮ ಸಸ್ಯಶಾಸ್ತ್ರ ವಿದ್ಯಾರ್ಥಿಗಳಿಗೆ ಒದಗುವ ಕೆಲಸ.